ಕುಣಿಯಿಂದೆದ್ದು ಪಿಕಪ್ಪು ಏರಿದವರು

ಮನುಷ್ಯನ ಚರಿತ್ರೆಯನ್ನು ಯುದ್ಧಗಳ ಚರಿತ್ರೆ ಎಂದು ಕೆಲವರು, ವಿಚಾರಗಳ ಚರಿತ್ರೆ ಎಂದು ಇನ್ನು ಕೆಲವರು ಹೇಳಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಭಾರವಾದ ವಸ್ತುಗಳನ್ನು ಇದ್ದ ಜಾಗದಿಂದ ಬೇಕಾದ ಜಾಗಕ್ಕೆ ಸಾಗಿಸಿದ ಚರಿತ್ರೆ. ಒಂದು ಜನಾಂಗದ ಯೋಗ್ಯತೆಯನ್ನು ಅದು ಎಷ್ಟು ಭಾರ ಎಳೆಯಿತು ಎಂಬುದರಿಂದಲೇ ಅಳೆಯಬೇಕು. ಈ ಘನವಾದ ಸತ್ಯ ನನಗೆ ಹೊಳೆದದ್ದು, ತುಂಬಿದ ಗ್ಯಾಸ್ ಸಿಲಿಂಡರನ್ನು ತಲಬಾಗಿಲಿನಿಂದ ಅಡುಗೆಮನೆಯ ತನಕ ಒಯ್ಯಲಾಗದೆ, ನಡುಮನೆಯಲ್ಲಿ ಅದರ ಮೇಲೆಯೇ ಕುಳಿತು ಸುಧಾರಿಸಿಕೊಳ್ಳುತ್ತಿದ್ದಾಗ.

"ಏಳ್ರಿ ಮಾಸ್ತರ್ರ, ಅದು ಕುರ್ಚಿ ಅಲ್ಲ" ಎಂದು ಹೊಸ್ತಿಲಿನಿಂದ ಧ್ವನಿ ಬಂತು. ಬಂದವರು ಎರಡು ಮನೆಯಾಚೆಯ ನೆರೆಯವರು. ಸಿಲಿಂಡರನ್ನು ಸ್ವಲ್ಪ ವಾಲಿಸಿ, ಅಂಚಿನ ಮೇಲೆ ಉರುಳಿಸುತ್ತ, ಒಂದೇ ಕೈಯಲ್ಲಿ ಅಡುಗೆಮನೆಗೆ ಮುಟ್ಟಿಸಿದರು. ಆಮೇಲೆ ನನ್ನ ಹೆಂಡತಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಎತ್ತೂದು ಪೈಲವಾನರ ಕೆಲಸ್ರಿ. ಸಾಗಸೂದು ಶ್ಯಾಣ್ಯಾರ ಕೆಲಸ." ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಅಂದಿನಿಂದ ಸಿಲಿಂಡರಿನ ವಿಷಯದಲ್ಲಿ ನನ್ನ ಮನೆಯವರು ನನ್ನನ್ನು ಪೈಲವಾನನೆಂದೂ ಪರಿಗಣಿಸಲಿಲ್ಲ, ಶ್ಯಾಣ್ಯಾ ಎಂದೂ ಪರಿಗಣಿಸಲಿಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೂ ಇಳಕಲ್ಲಿನಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಊರಿಗೆಲ್ಲ ಅವರು ‘ನಿಚ್ಚಣಿಕಿ ಕಾಕಾ’. ವಯಸ್ಸಿನಲ್ಲಿ ಅವರಿಗಿಂತ ನಾಲ್ಕು ವರ್ಷ ದೊಡ್ಡವನಾದ ನಾನೂ ಕಾಕಾ ಎಂದೇ ಕರೆಯುತ್ತಿದ್ದೆ. ಅವರ ಎತ್ತರ ಐದು ಅಡಿ. ಅವರ ಪಿಕಪ್ಪಿನ ಬಾಗಿಲು ಅವರ ಗದ್ದದ ಮಟ್ಟದಲ್ಲಿತ್ತು. ಅದನ್ನು ಏರಲು ಎರಡು ಮೆಟ್ಟಿಲಿನ ಕಬ್ಬಿಣದ ನಿಚ್ಚಣಿಕೆಯೊಂದನ್ನು ಬಾಗಿಲ ಹತ್ತಿರ ಕೊಂಡಿಗೆ ತೂಗುಹಾಕಿರುತ್ತಿದ್ದರು. ನಿಚ್ಚಣಿಕೆ ಇಳಿಸುವುದು, ಏರುವುದು, ಮೇಲಿನಿಂದ ಹಗ್ಗ ಜಗ್ಗಿ ಅದನ್ನು ಮತ್ತೆ ಮೇಲಕ್ಕೆ ತೆಗೆದುಕೊಳ್ಳುವುದು: ಇಷ್ಟನ್ನೂ ಅವರು ಬಹಳ ಗಂಭೀರವಾಗಿ, ಕೋಟೆಯ ಬಾಗಿಲು ಮುಚ್ಚಿಸುವ ದೊರೆಯ ಹಾಗೆ ನೆರವೇರಿಸುತ್ತಿದ್ದರು.

ಪಿಕಪ್ಪನ್ನು ಅಷ್ಟೆತ್ತರ ಯಾಕೆ ಏರಿಸಿದರು ಎಂಬುದಕ್ಕೆ ಊರಲ್ಲಿ ಹಲವು ಕತೆಗಳಿದ್ದವು. ಖರೆ ಸಂಗತಿ ಇದು. ಕಾಕಾ ನೇಕಾರರ ಮನೆಯವರು. ಇಪ್ಪತ್ತು ವರ್ಷ ಕುಣಿ ಮಗ್ಗದಲ್ಲಿ ಕುಳಿತು ಸೀರೆ ನೇಯ್ದವರು. ನೆಲದಲ್ಲಿ ಕುಣಿ ತೋಡಿ, ಕಾಲನ್ನು ಅದರೊಳಗೆ ಇಳಿಬಿಟ್ಟು, ನೆಲದ ಮಟ್ಟದಲ್ಲಿ ಕುಳಿತು ನೇಯುವ ಮಗ್ಗ ಅದು. ಅಲ್ಲಿಂದ ಕತ್ತು ತಿರುಗಿಸಿದರೆ ಬಾಗಿಲಾಚೆ ಹಾದುಹೋಗುವವರ ಪಾದ ಕಾಣುತ್ತದೆ, ಮೀನಖಂಡ ಕಾಣುತ್ತದೆ, ಅದಕ್ಕಿಂತ ಮೇಲೆ ಏನೂ ಕಾಣುವುದಿಲ್ಲ. ಮೊದಲ ಸಲ ನಮ್ಮ ಮನೆಗೆ ಬಂದಾಗ ಅವರು ನನ್ನ ಮುಖ ನೋಡಲೇ ಇಲ್ಲ. ನೇರವಾಗಿ ನನ್ನ ಚಪ್ಪಲಿ ನೋಡಿ, "ಓಹೋ, ನೀವ ಏನ್ರಿ! ಹತ್ತು ವರ್ಷ ನಮ್ಮ ಬಾಗಿಲ ಮುಂದ ಹಾದೀರಿ. ಎಡಗಾಲಿನ ಹಿಂಬಡ ಈಗೂ ಸವಸಾಕತ್ತೀರಿ. ನಡಾ ನೋಯ್ತೈತೇನು? ದವಾಖಾನಿಗೆ ತೋರಿಸ್ರಿ" ಎಂದರು. ನಾನು ನಕ್ಕೆ. ಆರು ತಿಂಗಳಾದ ಮೇಲೆ ಬಾಗಲಕೋಟೆಯ ಡಾಕ್ಟರು, ಎರಡು ಫೋಟೋ ತೆಗೆಸಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

ಮಗ್ಗ ಬಿಟ್ಟು ಹಳೆಯದೊಂದು ಪಿಕಪ್ಪು ಕೊಂಡಾಗ, ನಾಲ್ಕೂ ಗಾಲಿ ಎಳೆಯುವಂಥದ್ದೇ ಬೇಕೆಂದು ಹುಡುಕಿ ತಂದರು. ಅದನ್ನು ಗ್ಯಾರೇಜಿಗೆ ಒಯ್ದು ನಿಲ್ಲಿಸಿದಾಗ ನಾನೂ ಜೊತೆಗಿದ್ದೆ.

"ಎಷ್ಟ ಏರಸ್ಲಿ ಕಾಕಾ?" ಎಂದ ಮಿಸ್ತ್ರಿ.

"ಮಂದಿ ತಲಿ ಕಾಣೂವಷ್ಟು."

"ಅದು ಗಾಡಿ ಅಳತಿ ಅಲ್ಲ ಕಾಕಾ, ಮಂದಿ ಅಳತಿ."

"ಗಾಡಿ ಮತ್ತ ಯಾರ ಸಲುವಾಗಿ ಐತಿ? ಇಪ್ಪತ್ತು ವರ್ಷ ಮಂದಿ ಕಾಲ ನೋಡೇನಿ. ಇನ್ನ ತಲಿ ನೋಡ್ತೇನಿ. ಏರಸು."

ಮಿಸ್ತ್ರಿ ಏರಿಸಿದ. ಕಮಾನುಪಟ್ಟಿಗಳಿಗೆ ಇನ್ನಷ್ಟು ಪಟ್ಟಿ ಸೇರಿದವು, ನಡುವೆ ಕಬ್ಬಿಣದ ಗಡ್ಡೆ ಕೂತವು, ದಪ್ಪ ಹಲ್ಲಿನ ದೊಡ್ಡ ಟೈರು ಬಂದವು. ಇದಕ್ಕೆ ಕಾನೂನಿನ ಒಪ್ಪಿಗೆ ಇತ್ತೇ ಎಂದು ದಯವಿಟ್ಟು ಕೇಳಬೇಡಿ. ಆಗ ನಾನೂ ಕೇಳಲಿಲ್ಲ.

ಮೊದಲ ಸಲ ಅವರು ಎಳೆಯಲು ಹೋದದ್ದು ಗ್ರಾನೈಟ್ ತುಂಡು ತುಂಬಿ ತಗ್ಗಿನಲ್ಲಿ ಸಿಕ್ಕಿದ್ದ ಟ್ರ್ಯಾಕ್ಟರ್ ಟ್ರೇಲರನ್ನು. ಏರಿಸಿದ ಗಾಡಿಯ ಹಿಂಭಾಗಕ್ಕೆ, ಎದೆಮಟ್ಟದಲ್ಲಿ, ಸರಪಳಿ ಕಟ್ಟಿದರು. ಎಕ್ಸಿಲರೇಟರ್ ಒತ್ತಿದರು. ಟ್ರೇಲರ್ ಇದ್ದಲ್ಲೇ ಇತ್ತು. ಪಿಕಪ್ಪಿನ ಮುಂದಿನ ಎರಡೂ ಗಾಲಿ ಮಾತ್ರ ನೆಲ ಬಿಟ್ಟು ನಿಧಾನವಾಗಿ ಮೇಲೆದ್ದವು. ಇಳಿದು ಬಂದ ಕಾಕಾ ಹಣೆ ಒರೆಸಿಕೊಳ್ಳುತ್ತ ಹೇಳಿದರು: "ಮಂದಿ ತಲಿ ನೋಡಬೇಕಂತ ಮಾಡಿದ್ದೆ ಮಾಸ್ತರ್ರ, ಬರೇ ಆಕಾಶ ಕಂಡಿತು. ಹಿಂಗ್ಯಾಕ ಆತು?"

ಇಂಥ ಪ್ರಶ್ನೆಗಾಗಿ ಮೇಷ್ಟ್ರು ಜನ್ಮವಿಡೀ ಕಾಯುತ್ತಾನೆ. ನಾನು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಚಿತ್ರ ಬರೆದೆ. ಗುರುತ್ವಕೇಂದ್ರ ಎಂದರೇನು, ಸನ್ನೆ ಎಂದರೇನು, ಆನಿಕೆ ಎಲ್ಲಿ, ಬಲ ಎಲ್ಲಿ ಎಂದು ಬಾಣದ ಗುರುತು ಹಾಕಿ ವಿವರಿಸಿದೆ. ಕಾಕಾ ಕೈ ಕಟ್ಟಿಕೊಂಡು, ಕಡೆಯ ತನಕ, ಒಮ್ಮೆಯೂ ಅತ್ತಿತ್ತ ನೋಡದೆ ಕೇಳಿದರು. ಆಮೇಲೆ, "ಅಂದ್ರ ಕೊಕ್ಕಿ ಕೆಳಗ ಹಚ್ಚಬೇಕು" ಎಂದರು.

"ಅದನ್ನೇ ಅಲ್ಲವೇ ನಾನು ಹೇಳಿದ್ದು?"

"ಹೌದ್ರಿ. ಭಾಳ ಹೊತ್ತು ಹೇಳಿದ್ರಿ."

ಮರುದಿನವೇ ಗಾಡಿಯ ಹಿಂದೆ ಒಂದು ದಪ್ಪ ಕಬ್ಬಿಣದ ತೋಳು ಕೆಳಕ್ಕೆ ಇಳಿಯಿತು. ಅದರ ತುದಿಗೆ, ಮೊಣಕಾಲಿಗಿಂತ ತಗ್ಗಿನಲ್ಲಿ, ಕೊಕ್ಕೆ ಬಂತು. ಆಮೇಲೆ ಯಾರೇ ಗಾಡಿಯ ಎತ್ತರವನ್ನು ಹೊಗಳಿದರೂ ಕಾಕಾ ಅವರನ್ನು ಹಿಂದಕ್ಕೆ ಕರೆದೊಯ್ದು ಆ ಕೊಕ್ಕೆ ತೋರಿಸುತ್ತಿದ್ದರು. "ಕೂಡೂದು ಮ್ಯಾಲ ಇರಲಿ. ಎಳಿಯೂದು ಮಾತ್ರ ಕೆಳಗಿಂದನ" ಎನ್ನುತ್ತಿದ್ದರು. ಇದು ಅವರ ಜೀವನದರ್ಶನವೇ ಎಂದು ಒಮ್ಮೆ ನಾನು ಉದ್ಗರಿಸಿದಾಗ, "ಇಲ್ರಿ, ಇದು ಕೊಕ್ಕಿ" ಎಂದರು.

ಭಾರದ ವಿಷಯದಲ್ಲಿ ಅವರಿಗಿದ್ದ ಗೌರವ ದೊಡ್ಡದು. ಒಮ್ಮೆ ಬಾದಾಮಿಗೆ ಪಾಲಿಶ್ ಕಲ್ಲು ಮುಟ್ಟಿಸಿ ಬರುವಾಗ ಅವರನ್ನು ಗುಹೆಗಳಿಗೆ ಕರೆದೊಯ್ದೆ. ಎಲ್ಲರೂ ಮೂರ್ತಿಗಳ ಮುಖ ನೋಡುತ್ತಿದ್ದರೆ ಕಾಕಾ ಕಂಬಗಳ ಬುಡ ನೋಡುತ್ತ ಓಡಾಡಿದರು. ಒಂದು ಕಡೆ ನಿಂತು ಬಹಳ ಹೊತ್ತು ಯೋಚಿಸಿದರು. ಆಮೇಲೆ ನನ್ನ ಹತ್ತಿರ ಬಂದು, ಗುಟ್ಟು ಹೇಳುವಂತೆ ಹೇಳಿದರು: "ಇವರು ಏನೂ ಎಳದಿಲ್ರಿ ಮಾಸ್ತರ್ರ. ಗುಡ್ಡ ಇದ್ದಲ್ಲೇ ಗುಡಿ ಮಾಡ್ಯಾರ. ಒಂದ ಕಲ್ಲಿಗೂ ಗಾಡಿ ಹೂಡಿಲ್ಲ. ಎಂಥಾ ಶ್ಯಾಣ್ಯಾ ಮಂದಿ ಇರಬೇಕು!" ಬಾದಾಮಿಯ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಈ ಪ್ರಶಂಸೆ ಇಲ್ಲ.

ಎಳೆಯಲು ಹೊರಟಾಗ ಅವರ ಗಾಡಿಯಲ್ಲಿ ಮೂರು ಸಾಮಾನು ಇರಲೇಬೇಕು. ಒಂದು, ಹಿಂದಿನ ಗಾಲಿಗೆ ಭಾರ ಬರಲೆಂದು ಯಾವಾಗಲೂ ಹೇರಿಕೊಂಡಿರುತ್ತಿದ್ದ, ಅಂಚು ಮುರಿದ ಎರಡು ಗ್ರಾನೈಟ್ ಚಪ್ಪಡಿ. ಎರಡು, ಅವರ ಹೆಂಡತಿ ಕಾಕೂ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದ ಒಂದು ದಪ್ಪ ಕೌದಿ. ಎಳೆಯುವ ಪಟ್ಟೆಯ ನಡುವೆ ಈ ಕೌದಿ ಹೊದಿಸದೆ ಕಾಕಾ ಗೇರು ಹಾಕುತ್ತಿರಲಿಲ್ಲ. "ಪಟ್ಟಿಗೆ ಥಂಡಿ ಹತ್ತೇತೇನ ಕಾಕಾ?" ಎಂದು ಮಂದಿ ನಗುತ್ತಿದ್ದರು. "ಹರಿದ್ರ ಹಾವಿನಂಗ ಹಾರಿ ಬರತೈತಿ. ಮ್ಯಾಲ ಕೌದಿ ಇದ್ರ ಅಲ್ಲೇ ನೆಲಕ್ಕ ಬೀಳತೈತಿ. ನಗೂ ಹಲ್ಲು ಬಾಯಾಗ ಉಳೀಲಿ ಅಂತ ಹೊದಸೇನಿ" ಎನ್ನುತ್ತಿದ್ದರು.

ಮೂರನೆಯದು ಒಂದು ಲಾಳಿ. ಅವರ ಮಗ್ಗದ ಕೊನೆಯ ಕಟ್ಟಿಗೆಯ ಲಾಳಿ. ಎರಡು ಪಟ್ಟೆ ಜೋಡಿಸಬೇಕಾದಾಗ ಎಲ್ಲರೂ ಗಂಟು ಹಾಕುತ್ತಾರೆ. ಎಳೆದ ಮೇಲೆ ಆ ಗಂಟು ಕಲ್ಲಾಗುತ್ತದೆ, ಕೊನೆಗೆ ಕೊಯ್ಯಬೇಕಾಗುತ್ತದೆ. ಕಾಕಾ ಗಂಟು ಹಾಕುತ್ತಿರಲಿಲ್ಲ. ನಮ್ಮ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಗಂಟಿಲ್ಲ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಅವರ ತಾಯಿ ದಿನವಿಡೀ ಕೂತು ಹಾಕುತ್ತಿದ್ದ ಆ ಕೊಂಡಿಯನ್ನೇ ಮಗ ಪಟ್ಟೆಗಳಿಗೆ ಹಾಕಿ, ಎರಡು ಕುಣಿಕೆಗಳು ಒಂದಕ್ಕೊಂದು ಕಚ್ಚಿಕೊಳ್ಳದಂತೆ ನಡುವೆ ಲಾಳಿ ತೂರಿಸುತ್ತಿದ್ದರು. ಎಳೆದಾದ ಮೇಲೆ ಲಾಳಿ ಜಗ್ಗಿದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು.

ಇಷ್ಟೆಲ್ಲ ಪೀಠಿಕೆ ಒಂದು ಮಧ್ಯಾಹ್ನದ ಸಲುವಾಗಿ.

ಮರೋಳದ ಕಡೆ ತೆರಬಂಡಿ ಸ್ಪರ್ಧೆ ಇತ್ತು. ಗಾಲಿ ತಿರುಗದಂತೆ ಕಟ್ಟಿದ, ಮೇಲೆ ಕಲ್ಲು ಹೇರಿದ ಬಂಡಿಯನ್ನು ಒಂದು ನಿಮಿಷದಲ್ಲಿ ಯಾವ ಎತ್ತಿನ ಜೋಡಿ ಹೆಚ್ಚು ದೂರ ಎಳೆಯುತ್ತದೋ ಅದು ಗೆದ್ದಂತೆ. ಗೆದ್ದ ಊರಿಗೆ ಗೇಣುದ್ದದ ಒಂದು ಬೆಳ್ಳಿಯ ನೊಗ ಕೊಡುತ್ತಾರೆ. ಮರುವರ್ಷ ತಿರುಗಿ ತಂದು ಒಪ್ಪಿಸಬೇಕು. ಸತತ ಮೂರು ವರ್ಷ ಗೆದ್ದರೆ ಮಾತ್ರ ನೊಗ ಆ ಊರಿನದೇ. ಬೇವೂರಿನ ಅಜ್ಜ ಒಬ್ಬರ ಜೋಡಿ ಎರಡು ವರ್ಷ ಗೆದ್ದಿತ್ತು. ಇದು ಮೂರನೆಯದು. ಜೋಡಿಯಲ್ಲಿ ದೊಡ್ಡ ಎತ್ತಿಗೆ ವಯಸ್ಸಾಗಿತ್ತು. ಮುಂದಿನ ವರ್ಷ ಅದು ಎಳೆಯಲಾರದು ಎಂದು ಅಜ್ಜನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಈ ಅಜ್ಜನಿಗೂ ಕಾಕಾನಿಗೂ ಮೊದಲೇ ಸ್ವಲ್ಪ ಮಾತಾಗಿತ್ತು. ಎತ್ತುಗಳನ್ನು ಸ್ಪರ್ಧೆಗೆ ತಮ್ಮ ಪಿಕಪ್ಪಿನಲ್ಲಿ ಒಯ್ಯಲೇ ಎಂದು ಕಾಕಾ ಹುನಗುಂದದ ಚಹಾದ ಅಂಗಡಿಯಲ್ಲಿ ಕೇಳಿದಾಗ ಅಜ್ಜ ಪಿಕಪ್ಪಿನ ಕಡೆ ನೋಡಿ, "ತಮ್ಮಾ, ಅದು ಗಾಡಿ ಅಲ್ಲ, ಕೊಕ್ಕರಿ. ಉದ್ದುದ್ದ ಕಾಲು. ಕೊಕ್ಕರಿ ಎಂದಾರ ಭಾರ ಎಳದದ್ದು ಕಂಡೀಯೇನು? ಅದರ ಮ್ಯಾಲಿಂದ ನನ್ನ ಎತ್ತು ಕೆಳಗ ನೋಡಿದ್ರ ತಲಿ ತಿರುಗಿ ಬೀಳತಾವ" ಎಂದಿದ್ದರು. ಅಂಗಡಿಯೆಲ್ಲ ನಕ್ಕಿತ್ತು. ಕಾಕಾ ಚಹಾ ಪೂರ್ತಿ ಮಾಡಿ, ನಿಚ್ಚಣಿಕೆ ಏರಿ, ಅದನ್ನು ಎಂದಿಗಿಂತ ನಿಧಾನವಾಗಿ ಮೇಲಕ್ಕೆ ತೆಗೆದುಕೊಂಡು ಹೊರಟಿದ್ದರು.

ಸ್ಪರ್ಧೆ ನೋಡಲು ನಾನೂ ಕಾಕಾನೂ ಪಿಕಪ್ಪಿನಲ್ಲಿ ಹೊರಟೆವು. ನಾನು ಹೊರಟದ್ದು ಗಿರ್ಮಿಟ್ ಮತ್ತು ಮಿರ್ಚಿ ಭಜಿಯ ಮೇಲಿನ ಶ್ರದ್ಧೆಯಿಂದ. ಹಿಂದಿನ ದಿನ ಅಡ್ಡ ಮಳೆ ಹೊಡೆದಿತ್ತು. ಹೊಲದ ದಾರಿಯಲ್ಲಿ ಒಂದು ಹಳ್ಳಕ್ಕೆ ಬಂದಾಗ ಒಂದೂವರೆ ಗಂಟೆ. ಹಳ್ಳದಲ್ಲಿ ನೀರು ಅಂಗಾಲು ತೋಯುವಷ್ಟು. ಕೆಸರು ಗಾಲಿ ಮುಚ್ಚುವಷ್ಟು. ಆ ಎರೆ ಮಣ್ಣಿನ ಕೆಸರಿನಲ್ಲಿ ಒಂದು ಟೆಂಪೋ ಹಿಂಗಾಲು ಮುರಿದುಕೊಂಡ ಎಮ್ಮೆಯಂತೆ ಕೂತಿತ್ತು. ಮೇಲೆ ಬೇವೂರಿನ ಜೋಡಿ. ಪಕ್ಕದಲ್ಲಿ, ಧೋತರ ಮೊಣಕಾಲ ತನಕ ಎತ್ತಿ ಕಟ್ಟಿ, ಕೆಂಪು ರುಮಾಲಿನ ಅಜ್ಜ.

"ಏನಾತ್ರಿ ಅಜ್ಜಾರ?" ಎಂದು ಕಾಕಾ ಮೇಲಿನಿಂದಲೇ ಕೇಳಿದರು.

"ಕಾಣವಲ್ದೇನು? ಕೂತೈತಿ."

"ಎತ್ತು?"

"ಎತ್ತು ನಿಂತಾವ. ಗಾಡಿ ಕೂತೈತಿ."

ಟೆಂಪೋದ ಡ್ರೈವರ್ ನನ್ನ ಹತ್ತಿರ ಬಂದು ಸಾಕ್ಷಿ ಹೇಳುವವನಂತೆ ಶುರು ಮಾಡಿದ: "ನಾ ಮೊದಲ ಹೇಳೀನ್ರಿ ಸರ, ಡಾಂಬರ ರಸ್ತಾಕ್ಕ ಹೋಗೂಣು ಅಂತ. ಡಾಂಬರ ರಸ್ತಾದಾಗ ತಗ್ಗ ಭಾಳ, ಎತ್ತಿನ ನಡಾ ಕುಲಕತೈತಿ, ಮೆತ್ತಗಿನ ದಾರಿಲೆ ನಡಿ ಅಂದ್ರು. ಇದಕ್ಕಿಂತ ಮೆತ್ತಗಿನ ದಾರಿ ಎಲ್ಲಿಂದ ತರಲ್ರಿ?"

ಕುರಿ ಬಿಟ್ಟುಕೊಂಡು ನಿಂತಿದ್ದ ಒಬ್ಬಾತ ದಂಡೆಯಿಂದ ಕೂಗಿದ: "ಎರಡ ಟನ್ನ ಎಳಿಯೂ ಎತ್ತ ಅದಾವಲ್ರಿ ಅಜ್ಜಾರ! ಇಳಿಸಿ ಗಾಡಿಗೆ ಹೂಡ್ರಲಾ!"

"ನಿನ್ನ ಹೂಡತೇನಿ, ಬಾರಲೇ ಇಲ್ಲಿ!" ಎಂದರು ಅಜ್ಜ.

ಆದರೆ ಪರಿಸ್ಥಿತಿ ನಗುವಂಥದ್ದಾಗಿರಲಿಲ್ಲ. ಮೂರು ಗಂಟೆಗೆ ಕಣದಲ್ಲಿ ಜೋಡಿಗಳ ಹೆಸರು ಕೂಗುತ್ತಾರೆ. ಕೂಗಿದಾಗ ಇಲ್ಲದ ಜೋಡಿ ಆ ವರ್ಷಕ್ಕೆ ಇಲ್ಲ. ಎತ್ತುಗಳನ್ನು ಇಳಿಸಿ ನಡೆಸಿದರೆ ಕಣ ಇನ್ನೂ ಎಂಟು ಕಿಲೋಮೀಟರು. ದಣಿದ ಎತ್ತು ಬಂಡಿ ಎಳೆಯದು. ಅದಕ್ಕೂ ಮೊದಲು, ವಾಲಿ ನಿಂತ ಟೆಂಪೋದಿಂದ ಆ ಕೆಸರಿಗೆ ಹಾರಿಸಿದರೆ ಕಾಲು ಉಳಿಯುತ್ತದೆಂಬ ಭರವಸೆ ಇರಲಿಲ್ಲ. ಎತ್ತುಗಳ ಸಮೇತವೇ ಟೆಂಪೋ ಹೊರಗೆ ಬರಬೇಕಿತ್ತು.

ಅಜ್ಜ ಪಿಕಪ್ಪಿನ ಕಡೆ ನೋಡಿದರು. ಕೇಳಲಿಲ್ಲ. ಕಾಕಾ ನಿಚ್ಚಣಿಕೆ ಇಳಿಸಿದರು. ಕೇಳಿಸಿಕೊಳ್ಳಲು ಕಾಯಲಿಲ್ಲ.

ಎಲ್ಲರೂ ಕೆಸರಿನಲ್ಲಿ ಹೂತ ಗಾಲಿ ನೋಡುತ್ತಿದ್ದರೆ ಕಾಕಾ ಟೆಂಪೋದ ಪಕ್ಕದ ಹಲಗೆಗಳ ಸಂದಿಯಲ್ಲಿ ಕಣ್ಣಿಟ್ಟು ಎತ್ತುಗಳ ಕಾಲು ನೋಡಿದರು. "ಗಾಡಿ ವಾಲಿದ್ದಕ್ಕ ಅಂಜಿ ಎರಡೂ ಹಿಂದಕ ಸರದಾವು. ಭಾರೆಲ್ಲ ಹೂತ ಗಾಲಿ ಮ್ಯಾಲ ಐತಿ. ಹಿಂಗ ಎಳದ್ರ ಗಾಲಿ ಇನ್ನಷ್ಟ ಇಳಿತಾವ. ಎತ್ತು ಎರಡ ಹೆಜ್ಜಿ ಮುಂದ ಬರಬೇಕು" ಎಂದರು.

ಡ್ರೈವರ್ ಮೇಲೆ ಹತ್ತಿ ಮೂಗುದಾರ ಜಗ್ಗಿದ. ದೊಡ್ಡ ಎತ್ತು ಅವನನ್ನು ಒಮ್ಮೆ ನೋಡಿತು. ಅವನು ಇಳಿದ.

"ನೀವು ಕಣದಾಗ ಕೂಗ್ತೀರಲ್ರಿ ಅಜ್ಜಾರ, ಆ ಕೂಗು ಹಾಕ್ರಿ. ಮುಂದ ಬರತಾವ" ಎಂದರು ಕಾಕಾ.

ಅಜ್ಜನ ಮುಖ ಬಿಗಿಯಿತು. "ಅದು ಕಣದಾಗಷ್ಟ."

ಆ ಕೂಗಿನ ಬಗ್ಗೆ ಸುತ್ತಲಿನ ಊರಿಗೆಲ್ಲ ಗೊತ್ತಿತ್ತು. ಅಜ್ಜ ಬಾರುಕೋಲು ಮುಟ್ಟುವವರಲ್ಲ. ಬಂಡಿ ಹೂಡಿದ ಮೇಲೆ ಒಂದೇ ಒಂದು ಸಲ ಕೂಗುತ್ತಿದ್ದರು. ಎತ್ತು ಜೀವವನ್ನೆಲ್ಲ ಮುಂದಕ್ಕೆ ತಂದು ಎಳೆಯುತ್ತಿದ್ದವು. ಹೊಲದಲ್ಲಿ, ದಾರಿಯಲ್ಲಿ, ಮನೆಯ ಮುಂದೆ ಅಜ್ಜ ಅದನ್ನು ಎಂದೂ ಕೂಗಿದವರಲ್ಲ. ಅವರ ಮನೆಯಲ್ಲಿ ಬೇರೆ ಯಾರೂ ಆ ಮಾತನ್ನು ಬಾಯಿಗೆ ತರುವಂತಿರಲಿಲ್ಲ.

"ಕೂಗಿದ್ರ ಎಳಿತಾವ" ಎಂದರು ಅಜ್ಜ, ನಮಗಲ್ಲ, ಕೆಸರಿಗೆ ಹೇಳುವಂತೆ. "ಎಳದಾಗ ಮುಂದ ಏನೂ ಸರೀಲಿಲ್ಲಂದ್ರ ತಿಳಕೋತಾವ, ಮುದುಕ ಸುಳ್ಳ ಕೂಗಿದ ಅಂತ. ಆಮ್ಯಾಲ ಕಣದಾಗ ಕೂಗಿದ್ರ ಯಾಕ ಎಳಿಬೇಕು ಅವು?"

ನನ್ನ ಕೈಗಡಿಯಾರ ಎರಡು ತೋರಿಸುತ್ತಿತ್ತು.

"ಸರೀತಂದ್ರ?" ಎಂದರು ಕಾಕಾ.

"ಏನು?"

"ಅವು ಎಳದ ಗಳಿಗ್ಯಾಗ ಗಾಡಿ ಮುಂದ ಸರೀತಂದ್ರ? ಆವಾಗ ಸುಳ್ಳ ಆಗೂದಿಲ್ಲಲ್ರಿ. ನೀವು ಕೂಗ್ರಿ. ಅವು ತಲಿ ಬಗ್ಗಿಸಿದ ಕೂಡಲೇ ನಾ ಜಗ್ಗತೇನಿ. ತಾವ ಎಳದ್ವಿ ಅಂತ ತಿಳಕೋತಾವ."

ನನ್ನೊಳಗಿನ ಮೂವತ್ತು ವರ್ಷದ ಸೇವೆ ಸುಮ್ಮನಿರಲಿಲ್ಲ. "ಕಾಕಾ, ಗಾಡಿಯೊಳಗೆ ನಿಂತ ಎತ್ತು ಆ ಗಾಡಿಯನ್ನೇ ಎಳೆಯುವುದು ಸಾಧ್ಯವಿಲ್ಲ. ಒಳಗಿನ ಬಲದಿಂದ—"

"ಅದು ನಮಗ ಗೊತ್ತೈತ್ರಿ ಮಾಸ್ತರ್ರ. ಎತ್ತಿಗೆ ಗೊತ್ತಿಲ್ಲ."

ಅಜ್ಜ ಕಾಕಾನ ಮುಖವನ್ನೇ ನೋಡಿದರು. "ತಪ್ಪಿದ್ರ?"

"ತಪ್ಪಿದ್ರ ನಿಮ್ಮ ಎತ್ತು ಕೆಟ್ಟಂಗ. ನನ್ನ ಗಾಡಿ ಕೊಕ್ಕರಿ ಆದಂಗ."

ಅಜ್ಜ ರುಮಾಲು ಬಿಚ್ಚಿದರು, ಕೊಡವಿದರು, ತಿರುಗಿ ಸುತ್ತಿದರು. ಇಡೀ ಮದುವೆಯ ಮಾತುಕತೆ ಮುಗಿಯುವಷ್ಟು ಹೊತ್ತು ಹಿಡಿಯಿತು. "ಒಮ್ಮೆ ಕೂಗತೇನಿ. ಒಂದ ಸಲ" ಎಂದರು.

ಕಾಕಾ ಕೆಲಸಕ್ಕಿಳಿದರು. ಪಿಕಪ್ಪನ್ನು ಹಳ್ಳ ದಾಟಿಸಿ ಎದುರಿನ ಗಟ್ಟಿ ದಂಡೆಯ ಮೇಲೆ, ಟೆಂಪೋಕ್ಕೆ ಬೆನ್ನು ಮಾಡಿ ನಿಲ್ಲಿಸಿದರು. ತಮ್ಮ ನಾಲ್ಕೂ ಟೈರುಗಳಿಂದ ಅರ್ಧ ಗಾಳಿ ಬಿಟ್ಟರು. ಕುರಿಯವನಿಂದ ಜೋಳದ ಒಣ ದಂಟಿನ ಕಣಕಿ ತರಿಸಿ ಟೆಂಪೋದ ಗಾಲಿಗಳ ಮುಂದೆ ತುರುಕಿಸಿದರು. ದಂಡೆಯ ತನಕ ಒಂದು ಪಟ್ಟೆ ಸಾಲದು. ಎರಡನ್ನು ಕೊಂಡಿ ಹಾಕಿ ಸೇರಿಸಿ, ನಡುವೆ ಲಾಳಿ ತೂರಿಸಿದರು. ಮೇಲೆ ಕೌದಿ ಹೊದಿಸಿದರು. ಅಷ್ಟರಲ್ಲಿ ಸ್ಪರ್ಧೆಗೆ ಹೊರಟ ಮಂದಿ ಬಂದು ಬಂದು ನಲವತ್ತು ಜನ ಕೂಡಿದ್ದರು. "ಮಾಸ್ತರ್ರ, ಪಟ್ಟಿ ಹತ್ರ ಒಬ್ಬರೂ ನಿಂದ್ರಬಾರದು. ಸಾಲಿಯೊಳಗ ನಿಲ್ಲಿಸಿದಂಗ ನಿಲ್ಲಿಸ್ರಿ" ಎಂದು ನನಗೆ ಕೆಲಸ ಕೊಟ್ಟರು. ನಾನು ನಿವೃತ್ತನಾದ ಮೇಲೆ ಮೊದಲ ಸಲ ನನ್ನ ಹಳೆಯ ಧ್ವನಿ ತೆಗೆದೆ. ನಲವತ್ತು ಮಂದಿ ಗಡ್ಡದವರು, ಮೀಸೆಯವರು, ತಮಗರಿವಿ‌ಲ್ಲದೆ ಎತ್ತರದ ಪ್ರಕಾರ ಸಾಲಾಗಿ ನಿಂತರು.

ಕಾಕಾ ನಿಚ್ಚಣಿಕೆ ಏರಿದರು. ಪಿಕಪ್ಪು ಒಂದು ಮೊಳ ಮುಂದೆ ಸರಿದು ಪಟ್ಟೆಯ ಸಡಿಲು ತೆಗೆದು ನಿಂತಿತು. ಆಗ ನನಗೆ ಗೊತ್ತಾಯಿತು: ದಂಡೆಯ ಎತ್ತರ, ಅದರ ಮೇಲೆ ಆ ಗಾಡಿಯ ಎತ್ತರ. ಹಿಂದಿನ ಕಿಟಕಿಯಿಂದ ನೋಡಿದರೆ ಟೆಂಪೋದ ಕ್ಯಾಬಿನ್ನಿನ ಮೇಲಿಂದ ಎರಡೂ ಎತ್ತಿನ ತಲೆ, ಕೊಂಬು, ಹೆಗಲು ಅವರಿಗೆ ಕಾಣುತ್ತಿದ್ದವು. ನೆಲದ ಮೇಲಿದ್ದ ನಮಗೆ ಯಾರಿಗೂ ಕಾಣುತ್ತಿರಲಿಲ್ಲ. ಕಾಕಾ ಕತ್ತು ಹಿಂದಕ್ಕೆ ತಿರುಗಿಸಿ ಕೂತರು. ಮುಂದೆ ನೋಡಲೇ ಇಲ್ಲ.

ಕೈ ಎತ್ತಿದರು.

ಅಜ್ಜ ಟೆಂಪೋದ ಮುಂದೆ, ಪಟ್ಟೆಯಿಂದ ದೂರ, ಎತ್ತುಗಳಿಗೆ ಕೇಳುವ ಹಾಗೆ ನಿಂತರು. ಎರಡೂ ಕೈ ಮೇಲೆ ಹೋದವು. ಆ ಎಪ್ಪತ್ತರ ಎದೆಯಿಂದ ಬಂದ ಧ್ವನಿ ಹಳ್ಳದ ಎರಡೂ ದಂಡೆ ಬಡಿದು ತಿರುಗಿ ಬಂತು:

"ಏಳ್ರೋ ನನ್ನಪ್ಪಗಳ್ರಾ!"

ಟೆಂಪೋದೊಳಗೆ ಎಂಟು ಗೊರಸು ಒಟ್ಟಿಗೆ ಹಲಗೆ ಬಡಿದ ಸದ್ದಾಯಿತು. ಟೆಂಪೋ ಮುಂದಕ್ಕೆ ತಗ್ಗಿತು. ಅದೇ ಗಳಿಗೆಗೆ, ಅರ್ಧ ಉಸಿರೂ ಹಿಂದೆ ಮುಂದೆ ಆಗದಂತೆ, ಪಿಕಪ್ಪು ಗುಡುಗಿತು. ಪಟ್ಟೆ ಬಿಗಿದು ಕೌದಿ ಗಾಳಿಯಲ್ಲಿ ಒಮ್ಮೆ ಬಡಿಯಿತು. ನಾಲ್ಕು ಗಾಲಿ ದಂಡೆಯ ಮಣ್ಣು ಕೆರೆದವು, ಕಚ್ಚಿದವು. ಮುಂಗಾಲಿ ಏಳುತ್ತವೆಯೇ ಎಂದು ನಾನು ನೋಡಿದೆ, ಏಳಲಿಲ್ಲ. ಕೊಕ್ಕೆ ಕೆಳಗಿತ್ತು. ಲಾಳಿಯಿಂದ ಚಟ್ ಎಂದು ಒಂದು ಸದ್ದು ಬಂತು. ಹರಿಯಿತು, ಮುಗಿಯಿತು ಎಂದುಕೊಂಡೆ. ಹರಿದಿರಲಿಲ್ಲ. ಕೆಸರು ದೊಡ್ಡದೊಂದು ಮುತ್ತು ಕೊಟ್ಟು ಬಿಟ್ಟ ಹಾಗೆ ಸದ್ದು ಮಾಡಿತು. ಟೆಂಪೋ ಎದ್ದಿತು! ಕಣಕಿ ತುಳಿದು, ನೀರು ಸೀಳಿ, ದಂಡೆ ಏರಿ, ಒಂದೇ ಜಗ್ಗಿಗೆ ಹೊರಗೆ ಬಂದು ನಿಂತಿತು.

ನನ್ನ ಸಾಲು ಒಡೆಯಿತು. ನಲವತ್ತೂ ಜನ ಕುಣಿದರು. ಸಾಲು ಮೊದಲು ಒಡೆದು ಓಡಿದವನು ನಾನೇ ಎಂದು ಆಮೇಲೆ ಡ್ರೈವರ್ ಹಲವರಿಗೆ ಹೇಳಿದ್ದಾನೆ. ಅದನ್ನು ನಾನು ನಿರಾಕರಿಸುವುದಿಲ್ಲ.

ದೊಡ್ಡ ಎತ್ತು ತಲೆ ಎತ್ತಿ, ಕಿವಿ ನಿಮಿರಿಸಿ, ಹಿಂದಿನ ಹಳ್ಳವನ್ನು ಒಮ್ಮೆ ತಿರುಗಿ ನೋಡಿ, ದೀರ್ಘವಾಗಿ ಉಸಿರು ಬಿಟ್ಟಿತು. ಗೆದ್ದ ಮುಖ ಅದು. ನಾನು ಶಾಲೆಯಲ್ಲಿ ಬಹಳ ಕಂಡಿದ್ದೇನೆ. ಅಜ್ಜ ಟೆಂಪೋ ಏರಿ ಎರಡರ ಗಂಗೆದೊಗಲನ್ನೂ ತೀಡಿ, ಎಲ್ಲರಿಗೂ ಕೇಳುವಂತೆ, "ಭಲೇ! ಗಾಡಿ ಸಮೇತ ಎಳದ್ರಲ್ರೋ ನನ್ನ ಮಕ್ಕಳ್ರಾ!" ಎಂದರು. ಮಂದಿಯಲ್ಲಿ ಯಾರೋ ನಗಹೊರಟರು. ಕಾಕಾ ಮೇಲಿನಿಂದ ಗದರಿದರು: "ನಗತೀಯೇನಲೇ? ಎತ್ತ ಎಳದ್ವು. ನಾ ಮುಂದ ದಾರಿ ತೋರಿಸಿದೆ ಅಷ್ಟ."

ಲಾಳಿ ಉದ್ದಕ್ಕೆ ಸೀಳಿತ್ತು. ಕಾಕಾ ಅದನ್ನು ಜಗ್ಗಿದರು, ಕೊಂಡಿ ಬಿಚ್ಚಿಕೊಂಡಿತು. ಸೀಳಿದ ಲಾಳಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು.

ಟೆಂಪೋ ಕಣ ಮುಟ್ಟಿದಾಗ ಮೂರಕ್ಕೆ ನಾಲ್ಕು ನಿಮಿಷ ಇತ್ತು. ಅರ್ಧ ಗಾಳಿಯ ಟೈರಿನಲ್ಲಿ ಹಿಂದೆ ಬಂದ ನಾವು ತಡವಾಗಿ ಸೇರಿದೆವು. ಬೇವೂರಿನ ಸರದಿ ಬಂದಾಗ ಅಜ್ಜ ಎರಡೂ ಕೈ ಎತ್ತಿದರು. ಕಾಕಾ ನನ್ನ ಮೊಣಕೈ ಹಿಡಿದದ್ದು ನೆನಪಿದೆ. ಹಿಡಿದ ಗುರುತು ಎರಡು ದಿನ ಇತ್ತು. ಅವರು ಕೂಗಿದರು. ಎತ್ತು ತಲೆ ಬಗ್ಗಿಸಿದವು. ಆ ದಿನ ಒಮ್ಮೆ ಟೆಂಪೋವನ್ನೇ ಎಳೆದ ಎತ್ತುಗಳಿಗೆ ಕಲ್ಲಿನ ಬಂಡಿ ಯಾವ ಲೆಕ್ಕ? ಬಂಡಿ ಗೆರೆ ದಾಟಿ ಹೋಗುವಾಗ ಕಾಕಾ ಮಂದಿಯ ನಡುವೆ ಹಾರಿ ಹಾರಿ ನೋಡುತ್ತಿದ್ದರು. ಐದಡಿಯ ಮನುಷ್ಯ, ಪಿಕಪ್ಪು ದೂರ ನಿಂತಿತ್ತು, ಮುಂದಿನವರ ಬೆನ್ನು ಬಿಟ್ಟರೆ ಅವರಿಗೇನೂ ಕಾಣುತ್ತಿರಲಿಲ್ಲ. "ಎಷ್ಟ ಬಂತ್ರಿ? ಎಷ್ಟ ಬಂತ್ರಿ ಮಾಸ್ತರ್ರ?" ಎಂದು ಕೇಳುತ್ತಲೇ ಇದ್ದರು. ನಾನು ಕೂಗಿ ಕೂಗಿ ಹೇಳುತ್ತಲೇ ಇದ್ದೆ. ಗಿರ್ಮಿಟ್ ತಿನ್ನುವುದು ಇಬ್ಬರಿಗೂ ಮರೆತುಹೋಯಿತು.

ಬರುವಾಗ ಅವರು ಹೇಳಿದ್ದು ಒಂದೇ ಮಾತು: "ಆ ಜೋಡಿ ಎಳಿಯೂತನಕ ಇದನ್ನ ಎಲ್ಲೂ ಬಿಡಿಸಿ ಹೇಳಬ್ಯಾಡ್ರಿ. ಮಂದಿ ಬಾಯಿಂದ ಎತ್ತಿನ ಕಿವಿಗೆ ಬಿದ್ದೀತು." ನಾನು ಹೇಳಲಿಲ್ಲ. ಬೇವೂರಿನಲ್ಲಿ ಇವತ್ತಿಗೂ, ಜೋಡಿ ಟೆಂಪೋವನ್ನು ಹಳ್ಳದಿಂದ ಎಳೆದು ತೆಗೆಯಿತು ಎಂದೇ ಕತೆ ಇದೆ. ಅಜ್ಜನೂ ಹಾಗೇ ಹೇಳುತ್ತಾರೆ. ಆದರೆ ಅಂದಿನಿಂದ ಪ್ರತಿ ವರ್ಷ ಸೀತನಿಯ ಕಾಲಕ್ಕೆ ಬೇವೂರಿನಿಂದ ಒಂದು ಚೀಲ ಎಳೆ ಜೋಳದ ತೆನೆ ಕಾಕಾನ ಮನೆಗೆ ಬರುತ್ತಿತ್ತು. ಕಳಿಸಿದವರು ಯಾರೆಂದು ತಂದವನೂ ಹೇಳುತ್ತಿರಲಿಲ್ಲ, ಕಾಕಾನೂ ಕೇಳುತ್ತಿರಲಿಲ್ಲ.

ಕೊನೆಗೆ ಆ ಎತ್ತರವನ್ನು ಸೋಲಿಸಿದ್ದು ಕೆಸರಲ್ಲ, ಮೊಣಕಾಲು. ನಿಚ್ಚಣಿಕೆ ಏರಬಾರದೆಂದು ಡಾಕ್ಟರು ಹೇಳಿದರು. ಕಾಕಾ ಗಾಡಿ ಮಾರಿ, ಕಾಕೂ ಅವರೊಂದಿಗೆ ಬಾಗಲಕೋಟೆಯಲ್ಲಿ ಮಗಳ ಮನೆಯ ಹತ್ತಿರ ಮನೆ ಮಾಡಿದರು. ಮೂರನೆಯ ಮಾಳಿಗೆ, ಲಿಫ್ಟಿದೆ. ಗ್ಯಾಲರಿಯಿಂದ ಇಡೀ ಓಣಿಯವರ ತಲೆಗಳು ಕಾಣುತ್ತವಂತೆ. ಹೋದ ತಿಂಗಳು ಬಾದಾಮಿಯಲ್ಲಿ ಆ ಪಿಕಪ್ಪು ಕಂಡೆ. ಹೊಸ ಮಾಲಕ ಅದನ್ನು ಕಂಪನಿ ಕೊಟ್ಟ ಎತ್ತರಕ್ಕೆ ಇಳಿಸಿದ್ದಾನೆ. ಉಳ್ಳಾಗಡ್ಡಿ ಹೇರಿ ನಿಲ್ಲಿಸಿದ್ದ. ಹಿಂದೆ ಹೋಗಿ ನೋಡಿದೆ. ಕೊಕ್ಕೆ ಇರಲಿಲ್ಲ. ಬೇವೂರಿನ ದೊಡ್ಡ ಎತ್ತು ಈಗ ಕೊಟ್ಟಿಗೆಯಲ್ಲಿ ಮೇವು ತಿಂದುಕೊಂಡು ಆರಾಮಾಗಿದೆ, ಬಂಡಿಗೆ ಹೂಡುವುದಿಲ್ಲ. ಎತ್ತು ಇದನ್ನು ಓದಲಾರದು ಎಂಬ ಧೈರ್ಯದ ಮೇಲೆ ಇಷ್ಟು ಬರೆದಿದ್ದೇನೆ.

ಆ ವರ್ಷ ಬೇವೂರಿನ ಜೋಡಿ ಮೊದಲ ಸ್ಥಾನ ಪಡೆಯಿತು. ಬೆಳ್ಳಿಯ ನೊಗ ಬೇವೂರಿನಲ್ಲೇ ಇದೆ. ಟೆಂಪೋ ಎಳೆದದ್ದು ಪಿಕಪ್ಪು.